ಬೂದಿ ಎಂದುಕೊಂಡು ಒರೆಸಿದ್ದು

ಡೋಣಿ ದಂಡೆ, ಏಳನೇ ಚಪ್ಪರ
ಫೆಬ್ರವರಿ 31, 2168

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ, ಮೇ ತಿಂಗಳಿಗೆ ಹದಿನೆಂಟೇ. ಬೇಸಿಗೆಯಲ್ಲಿ ಜನ ಕೆಲಸಕ್ಕೆ ಬರುವುದಿಲ್ಲ ಎಂದು ಮೇಲಿನವರು ಮೇ ತಿಂಗಳಿನ ದಿನಗಳನ್ನು ಕಿತ್ತು ತಂಪು ತಿಂಗಳುಗಳಿಗೆ ಹಂಚಿದರು. ಅದರಿಂದ ಬಿಸಿಲು ಕಡಿಮೆಯಾಯಿತೇ ಎಂದು ಕೇಳಬೇಡಿ. ಬಿಸಿಲಿಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ.

ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳಬೇಕಂತೆ. ಹಿಂದಂಚೆಯಲ್ಲಿ ಕೂತವನು ಹಾಗೆ ಹೇಳಿದ. ಹಿಂದಂಚೆ ಎಂದರೆ ಹಿಂದಿನ ಕಾಲದವರಿಗೆ ಹೋಗುವ ಅಂಚೆ. ಹತ್ತೊಂಬತ್ತು ತುಂಬಿದವರು ಇಡೀ ಜನ್ಮಕ್ಕೆ ಒಂದೇ ಒಂದು ಕಾಗದ ಹಾಕಬಹುದು. ಅಂಟಿಸಿ ಹಾಕಿದ್ದನ್ನು ಇಲ್ಲಿ ಯಾರೂ ಒಡೆದು ಓದುವ ಹಾಗಿಲ್ಲ. ಅದು ತಲುಪುತ್ತದೋ ಇಲ್ಲವೋ ಕಂಡವರಿಲ್ಲ, ಉತ್ತರವಂತೂ ಯಾರಿಗೂ ಬಂದಿಲ್ಲ. ಎಲ್ಲರೂ ಪೂಜ್ಯ ಹಿರಿಯರಿಗೆ ಎಂದು ಶುರು ಮಾಡಿ, ನಿಮ್ಮ ಆಶೀರ್ವಾದದಿಂದ ಕ್ಷೇಮವಾಗಿದ್ದೇವೆ ಎಂದು ಮುಗಿಸುತ್ತಾರೆ. ಆ ನಮೂನೆಯನ್ನು ಅವನು ನನ್ನ ಮುಂದೆಯೂ ಇಟ್ಟ. ನಾನು ಹಾಳೆ ಮಗುಚಿ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಶಬ್ದಗಳಿಗೆ ಬೇಕಾದರೆ ಕ್ಷಮೆ ಇರಲಿ. ಸಿಟ್ಟಿಗೆ ಇಲ್ಲ.

ನನ್ನ ಹೆಸರು ಮಲಕವ್ವ. ಹತ್ತನೇ ವರ್ಷಕ್ಕೆ ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದೂ ಸುಳ್ಳೇ. ನನ್ನ ಬೆರಳು ಸಣ್ಣವು, ಎಲೆ ದಂಟಿಗೆ ಕೂಡುವ ಸಂದಿನಲ್ಲಿ ಸಲೀಸಾಗಿ ಹೋಗುತ್ತವೆ, ಅದಕ್ಕೆ ಬಿಡಿಸಿದರು. ಅಂದಿನಿಂದ ನಾನು ಮೇಣಗಿತ್ತಿ. ಮೇಣಗಿತ್ತಿ ಎಂದರೆ ಜೋಳದ ಗಿಡಕ್ಕೆ ಮೇಣ ಹಚ್ಚುವವಳು. ನಗು ಬಂತೇ? ನಗಿ. ನಿಮ್ಮ ಕಾಲದಲ್ಲಿ ಜೋಳ ತನ್ನ ಮೇಣವನ್ನು ತಾನೇ ಹಚ್ಚಿಕೊಳ್ಳುತ್ತಿತ್ತು, ನೀವು ನಗಬಹುದು.

ನಮ್ಮ ಬೆಳಗು ಹೀಗಿರುತ್ತದೆ. ಚಪ್ಪರ ಎಂದರೆ ಮದುವೆ ಚಪ್ಪರವಲ್ಲ. ಎರೆ ಮಣ್ಣಿನ ಹೊಲದ ಮೇಲೆ ಈ ಕಂಬದಿಂದ ಆ ಕಂಬಕ್ಕೆ, ಕಣ್ಣು ಹಾಯುವ ತನಕ ಎಳೆದು ಕಟ್ಟಿದ ಬಿಳಿ ಬಟ್ಟೆ. ಬೆಳಕು ಹರಿದ ಕೂಡಲೇ ಪಕ್ಕದ ಬಟ್ಟೆಗಳನ್ನು ಸುತ್ತಿ ಮೇಲೆ ಕಟ್ಟುತ್ತೇವೆ, ಒಂದಿಷ್ಟು ಗಾಳಿ ಆಡಲಿ ಎಂದು. ಸೊಂಟಕ್ಕೆ ಬಿಸಿ ಮೇಣನೀರಿನ ಗಡಿಗೆ ಕಟ್ಟಿಕೊಳ್ಳುತ್ತೇವೆ. ಎಡಗೈಯಲ್ಲಿ ಒರೆಸುವ ಬಟ್ಟೆ, ಬಲಗೈಯಲ್ಲಿ ಸವರುವ ಬಟ್ಟೆ. ಮೊದಲು ಒರೆಸಬೇಕು, ಆಮೇಲೆ ಸವರಬೇಕು. ಕೆಳಗಿನ ಎಲೆಯಿಂದ ತೆನೆಯ ಕುತ್ತಿಗೆಯ ತನಕ, ಪ್ರತಿ ಎಲೆಯ ಎರಡೂ ಮೈ, ಪ್ರತಿ ಗೆಣ್ಣು. ಒಂದು ಎಲೆ ಬಿಟ್ಟುಹೋದರೆ ಮಧ್ಯಾಹ್ನದ ಹೊತ್ತಿಗೆ ಅದು ಸುಟ್ಟ ಹಪ್ಪಳದ ಹಾಗೆ ಮುದುಡಿರುತ್ತದೆ, ಯಾರು ಬಿಟ್ಟರು ಎಂದು ಸಾಲು ನೋಡಿಯೇ ಹೇಳುತ್ತಾರೆ. ಹಚ್ಚಿದ ಮೇಣ ಒಂಬತ್ತು ದಿನ ನಿಲ್ಲುತ್ತದೆ. ಹತ್ತನೇ ದಿನ ಮತ್ತೆ ಮೊದಲನೇ ಸಾಲಿನಿಂದ ಶುರು. ಸುಗ್ಗಿಯ ತನಕ ಇದೇ.

ಆ ಮೇಣ ಎಲ್ಲಿಂದ ಎನ್ನುತ್ತೀರಾ? ಎಕ್ಕಿ, ನಿಮ್ಮ ಎಕ್ಕದ ಗಿಡದಿಂದ. ದಿಬ್ಬದಲ್ಲಿ, ಸುಡುಗಾಡಿನಲ್ಲಿ, ಯಾರೂ ನೀರು ಹಾಕದ ಕಡೆ ಬೆಳೆಯುವ ಎಕ್ಕಿಯ ಎಲೆಯ ಮೇಲೆ ಈಗಲೂ ಬಿಳಿ ಪುಡಿ ಇದೆ. ಅದನ್ನು ಯಾರೂ ಸುಧಾರಿಸಲು ಹೋಗಲಿಲ್ಲ, ಅದಕ್ಕೆ ಬದುಕಿದೆ. ಎಲೆ ಕೊಯ್ದು, ಕುದಿಸಿ, ಮೇಲೆ ತೇಲುವ ಮೇಣ ತೆಗೆಯುತ್ತೇವೆ. ಕೊಯ್ಯುವಾಗ ಹಾಲು ಸಿಡಿಯುತ್ತದೆ. ನಮ್ಮ ಆಯಿ ಸಾಬವ್ವ, ಎಂದರೆ ನನ್ನ ಅಪ್ಪನ ತಾಯಿ, ಎಕ್ಕಿ ಕೊಯ್ಯುತ್ತಲೇ ಎರಡೂ ಕಣ್ಣು ಕಳೆದುಕೊಂಡಳು. ಈಗ ಮನೆಯಲ್ಲಿ ಕೂತು ನಮ್ಮ ಸಾಲಿನವರ ಒರೆಸುವ ಬಟ್ಟೆಗಳನ್ನು ಒಗೆಯುತ್ತಾಳೆ. ಕಳೆಯ ಮೈ ಸುಲಿದು ಬೆಳೆಯ ಮೈ ಮುಚ್ಚುವುದು, ಅದರಲ್ಲಿ ನಮ್ಮ ಕಣ್ಣು ಹೋಗುವುದು, ಇದಕ್ಕೆ ಬೇಸಾಯ ಎಂದು ಹೆಸರು.

ಈಗ ನೀವು ಏನು ಮಾಡಿದಿರಿ ಎಂದು ಹೇಳುತ್ತೇನೆ. ನೀವು ಇದನ್ನು ಓದುವ ವರ್ಷಕ್ಕೆ ಅದು ಇನ್ನೂ ಆಗಿಲ್ಲ. ಆಗುತ್ತದೆ.

ಗಿಡದ ಚರ್ಮದ ಒಳಗೆ ಜಿಡ್ಡು ತಯಾರಾಗುತ್ತದೆ. ಶೇಂಗಾದಲ್ಲಿ, ಕುಸುಬೆಯಲ್ಲಿ ಇರುತ್ತದಲ್ಲ, ಅದೇ ಜಾತಿಯದು. ಕೊಬ್ಬಿನ ಆಮ್ಲ ಎಂದು ಓದಿದವರು ಕರೆಯುತ್ತಾರೆ. ಅದು ತನ್ನಷ್ಟಕ್ಕೆ ಹೊರಗೆ ಬರುವುದಿಲ್ಲ. ಹಗ್ಗ ಕಟ್ಟದ ಕೊಡ ಬಾವಿಯ ತಳದಲ್ಲಿ ಕೂತ ಹಾಗೆ ಕೂತಿರುತ್ತದೆ. ಗಿಡದೊಳಗೆ ಒಂದು ಕಿಣ್ವ ಇದೆ. ಆ ಜಿಡ್ಡಿನ ತುದಿಗೆ ಹಗ್ಗ ಕಟ್ಟುವುದಷ್ಟೇ ಅದರ ಕೆಲಸ. ಹಗ್ಗ ಬಿತ್ತೆಂದರೆ ಉಳಿದ ಕೆಲಸದವರು ಅದನ್ನು ಹಿಡಿದು, ಕೊಂಡಿಗೆ ಕೊಂಡಿ ಸೇರಿಸಿ ಉದ್ದ ಮಾಡಿ, ಹೊರಗೆ ಎಳೆದು ತಂದು, ದಂಟಿನ ಮೇಲೆ, ಎಲೆಯ ಮೇಲೆ ಬಿಳಿ ಮೇಣವಾಗಿ ಹರಡುತ್ತಾರೆ. ಒಳಗಿನ ನೀರು ಆರಿಹೋಗದ ಹಾಗೆ, ಬಿಸಿಲು ಚುಚ್ಚದ ಹಾಗೆ, ರೋಗ ಒಳಗೆ ನುಗ್ಗದ ಹಾಗೆ. ನಾವು ಆ ಕಿಣ್ವವನ್ನು ಹಗ್ಗಗಾರ ಎನ್ನುತ್ತೇವೆ. ಆಯಿ ಹರೆಯದಲ್ಲಿ ಬೀಜಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಅಲ್ಲಿ ಓದಿದವರು ಮಾತಾಡಿದ್ದನ್ನು ಕೇಳಿ ತನಗೆ ತಿಳಿದಷ್ಟು ನನಗೆ ಹೇಳಿದ್ದು ಇದು. ಗುಡಿಸುವವಳಿಗೆ ಅರ್ಥವಾಯಿತು, ಶಾಲೆ ಬಿಟ್ಟ ನನಗೆ ಅರ್ಥವಾಯಿತು. ನಿಮ್ಮವರಿಗೆ ಏನು ಬಡಿದಿತ್ತು?

ಜೋಳಕ್ಕೆ ಸಿಂಪಡಿಸಿದ್ದೆಲ್ಲ ಎಲೆಯ ಮೇಲೆ ನಿಲ್ಲುವುದಿಲ್ಲ, ಹನಿಹನಿಯಾಗಿ ಜಾರಿ ಬೀಳುತ್ತದೆ ಎಂದು ನಿಮ್ಮವರಿಗೆ ತಲೆನೋವಾಯಿತು. ಜಾರಿಸುತ್ತಿದ್ದದ್ದು ಮೇಣ. ಹಾಗಾದರೆ ಮೇಣವೇ ಬೇಡ ಎಂದರು. ಹಗ್ಗಗಾರನ ಕೈ ಕಟ್ಟಿದರು. ಆಮೇಲೆ ಎಲೆಗೆ ಹೊಡೆದ ಔಷಧಿ ಎಲೆಯೇ ಕುಡಿಯಿತು, ಗೊಬ್ಬರ ಎಲೆಯೇ ಉಂಡಿತು. ಕಣಕಿ, ಎಂದರೆ ಮೇವಿನ ದಂಟು, ಮೆತ್ತಗಾಯಿತು, ದನಗಳು ಆಸೆಯಿಂದ ತಿಂದವು. ದಂಟು ಎಣ್ಣೆ ಸವರಿದ ಹಾಗೆ ಹಸಿರಾಗಿ ಮಿಂಚಿತು. ನೋಡಿದವರು ಏನು ಚೆಂದ ಎಂದರು. ಆರೇಳು ವರ್ಷ ಒಳ್ಳೆಯ ಬೆಳೆಯೂ ಬಂತು, ಇಲ್ಲ ಎನ್ನುವುದಿಲ್ಲ. ಅಷ್ಟರಲ್ಲಿ ಅದರ ಪರಾಗ ಹಾರಿ ಊರೂರಿನ ಜೋಳಕ್ಕೆಲ್ಲ ಬಿತ್ತು. ಗಾಳಿಗೆ ಬೇಲಿ ಹಾಕುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಆಮೇಲೆ ಬಿಸಿಲು ಬಂತು. ಮೈಮೇಲೆ ಅರಿವೆ ಇಲ್ಲದ ಜೋಳ ನಿಂತಲ್ಲೇ ಒಣಗಿತು. ಉಳಿದದ್ದನ್ನು ನೆರಳಿಗೆ ತಂದರು. ನೆರಳಿನ ತೇವಕ್ಕೆ ಬೂದಿ ರೋಗ ಹತ್ತಿತು. ಬೂದಿ ರೋಗ ಎಂದರೆ ಎಲೆಯ ಮೇಲೆ ಬಿಳಿ ಪುಡಿಯ ಹಾಗೆ ಬೆಳೆಯುವ ಬೂಸ್ಟು. ಒಂದು ಗಿಡಕ್ಕೆ ಬಂದರೆ ವಾರದಲ್ಲಿ ಇಡೀ ಚಪ್ಪರ ಹೋಗುತ್ತದೆ.

ಹೀಗಾಗಿ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟದ್ದು ಒಂದೇ ಪಾಠ. ಹಸಿರು ಮಿಂಚಿದರೆ ಆರೋಗ್ಯ, ಬಿಳಿ ಕಂಡರೆ ರೋಗ. ಬಿಳಿ ಕಂಡವಳು ಮೂರು ಸಲ ಬೂದಿ ಎಂದು ಕೂಗಬೇಕು. ಪುಡಿ ಹಾರದ ಹಾಗೆ ತಕ್ಷಣ ಒರೆಸಿ ಬಟ್ಟೆ ಗಂಟು ಹಾಕಬೇಕು. ಸಾಲಿನ ಹಿರಿಯ ಬಂದು ಗಿಡವನ್ನು ಬೇರುಸಮೇತ ಕಿತ್ತು ಸುಣ್ಣದ ಕುಣಿಯಲ್ಲಿ ಹಾಕಿ ಸುಡುತ್ತಾನೆ. ಕಂಡುಹಿಡಿದವಳಿಗೆ ಆ ದಿನ ಕೆಲಸವಿಲ್ಲ. ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಡುತ್ತಾರೆ, ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿ ಕೊಡುತ್ತಾರೆ, ಅವಳ ಸಾಲನ್ನು ಉಳಿದವರು ಮುಗಿಸುತ್ತಾರೆ.

ಎಳ್ಳ ಅಮಾವಾಸ್ಯೆ ಕಳೆದ ಮೂರನೆಯ ದಿನ ನಾನು ನಾಲ್ಕನೇ ಸಾಲಿನಲ್ಲಿದ್ದೆ. ಪಕ್ಕದ ಸಾಲಿನಲ್ಲಿ ನನ್ನ ಗೆಳತಿ ಮಾಬೂಬಿ. ಮಾತಿನ ಭರದಲ್ಲಿ ಒಂದು ಗಿಡವನ್ನು ಒರೆಸದೆಯೇ ಮೇಣನೀರು ಸವರಲು ಹೋದರೆ ಹತ್ತಲೇ ಇಲ್ಲ. ಹನಿಗಳು ಗುಂಡಗೆ ನಿಂತವು, ಉರುಳಿ ನೆಲಕ್ಕೆ ಬಿದ್ದವು. ನನ್ನ ಕೆಲಸದ ಒಂಬತ್ತು ವರ್ಷದಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಬಗ್ಗಿ ನೋಡಿದರೆ ದಂಟಿನ ತುಂಬ ಬಿಳಿ. ಗೆಣ್ಣಿನ ಸುತ್ತ ದಟ್ಟವಾಗಿ, ಎಲೆಯ ಬುಡದಲ್ಲಿ ಹಿಟ್ಟು ಚೆಲ್ಲಿದ ಹಾಗೆ.

ನಾನು ಕೂಗಿದೆ. ಮೂರು ಸಲ, ಗಂಟಲು ಹರಿಯುವ ಹಾಗೆ. ಆಮೇಲೆ ಬುಡದಿಂದ ತುದಿಯ ತನಕ ಒಂದು ಚೂರೂ ಉಳಿಯದ ಹಾಗೆ ಒರೆಸಿದೆ. ಚೆನ್ನಾಗಿ ಒರೆಸುತ್ತೇನೆ ಎಂದು ನನಗೆ ಹೆಸರಿದೆ.

"ಎಲ್ಲಾ ನಿನ್ನ ಕಣ್ಣಿಗೇ ಬೀಳ್ತೈತಿ ನೋಡು ಮಲಕಿ," ಎಂದಳು ಮಾಬೂಬಿ. "ನಾಳಿಂದ ನಾನೂ ಒಂದು ಗಿಡಕ್ಕ ಹಿಟ್ಟ ಹಚ್ಚಿ ಒದರತೀನಿ. ನನಗೂ ಮಜ್ಜಿಗಿ ಬೇಕವಾ."

"ಒದರು. ಹಿಟ್ಟೋ ಬೂದಿನೋ ಅಂತ ಈರಸಂಗಪ್ಪ ಕಾಕಾ ನೆಕ್ಕಿ ನೋಡ್ತಾನ," ಎಂದೆ. ಇಬ್ಬರೂ ನಕ್ಕೆವು.

ಈರಸಂಗಪ್ಪ ನಮ್ಮ ಸಾಲಿನ ಹಿರಿಯ. ಬಂದ, ಬುಡಕ್ಕೆ ಕೈ ಹಾಕಿದ, ಕಿತ್ತ. "ಶಾಣ್ಯಾ ಅದಿ ಮಗಳ. ಕೂಡು ಹೋಗು, ಇವತ್ತ ನಿಂದು ಹಬ್ಬ," ಎಂದ. ನಾನು ಕೂತು ಮಜ್ಜಿಗೆ ಕುಡಿದೆ. ಕುಣಿಯಿಂದ ಹೊಗೆ ಬರುವುದು ಅಲ್ಲಿಂದ ಕಾಣುತ್ತಿತ್ತು. ಮಜ್ಜಿಗೆಗೆ ಇಂಗು ಹಾಕಿದ್ದರು. ಎರಡನೇ ಲೋಟವನ್ನೂ ಕೇಳಿ ಕುಡಿದೆ.

ಮಧ್ಯಾಹ್ನ ಮನೆಗೆ ಬಂದು ಗಂಟು ಹಾಕಿದ ಬಟ್ಟೆಯನ್ನು ಆಯಿಯ ಮುಂದೆ ಎಸೆದೆ. ಬೂದಿ ಬಟ್ಟೆ, ಬೇರೆ ನೀರಿನಲ್ಲಿ ಒಗೆ ಎಂದೆ. ಅವಳು ಗಂಟು ಬಿಚ್ಚಿದಳು. ಬೆರಳಿನಿಂದ ತಿಕ್ಕಿದಳು. ಮೂಗಿಗೆ ಹಿಡಿದಳು. ಮತ್ತೆ ತಿಕ್ಕಿದಳು.

"ಮಲಕಿ, ಇದು ಬೂದಿ ಅಲ್ಲ."

"ನಾ ಕಣ್ಣಾರೆ ನೋಡೀನಿ ಆಯಿ."

"ನಿನಗ ಕಣ್ಣ ಅದಾವ, ಅದಕ್ಕ ತಪ್ಪಿದಿ. ಬೂದಿ ಹಸಿ ಇರ್ತೈತಿ, ಬೂಸ್ಟ ನಾರತೈತಿ. ಇದು ಜಾರಾಕತ್ತೈತಿ ನೋಡು, ಎಕ್ಕಿ ನಾತಾನೂ ಇಲ್ಲ. ಬೆರಳ ಮ್ಯಾಲ ನೀರ ಹಾಕು."

ಹಾಕಿದೆ. ಅವಳ ಬೆರಳ ತುದಿಯಲ್ಲಿ ನೀರು ಗುಂಡಗೆ ನಿಂತಿತು.

ಆಯಿ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹಳೆಯದೊಂದನ್ನು ಹೇಳಿದಳು. ಬೀಜಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಹಳೇ ಕಾಲದ ಒಂದು ಒಣ ದಂಟು ಇತ್ತಂತೆ. ಧೂಳು ಹೊಡೆಯುವಾಗ ಯಾರೂ ಇಲ್ಲದ್ದನ್ನು ನೋಡಿ ಅವಳು ಒಮ್ಮೆ ಅದನ್ನು ಮುಟ್ಟಿದ್ದಳಂತೆ, ಅದೂ ಹೀಗೇ ಜಾರುತ್ತಿತ್ತಂತೆ. ಆಮೇಲೆ ಕೇಳಿದಳು, "ಗಿಡ ಎಲ್ಲೈತಿ?"

ನಾನು ಓಡಿದೆ. ಓಡುವಾಗಲೇ ಗೊತ್ತಿತ್ತು. ಕುಣಿಯಲ್ಲಿ ಸುಣ್ಣ ಮತ್ತು ಕರಿ ಬಿಟ್ಟರೆ ಏನೂ ಇರಲಿಲ್ಲ. ಕೈ ಹಾಕಿ ಕೆದಕಿದೆ, ಬೆರಳು ಸುಟ್ಟವು. ನೂರು ವರ್ಷದಲ್ಲಿ ಒಂದು ಗಿಡದಲ್ಲಿ ಹಗ್ಗಗಾರ ಅದು ಹೇಗೋ ಕಟ್ಟಿದ ಕೈ ಬಿಡಿಸಿಕೊಂಡಿದ್ದ. ಯಾರ ಹಂಗೂ ಇಲ್ಲದೆ ತನ್ನ ಕೆಲಸ ಶುರು ಮಾಡಿದ್ದ. ಹಿಂದಿನ ಸುತ್ತುಗಳಲ್ಲಿ ಹಳೇ ಮೇಣದ ಜೊತೆ ಅವನ ಬಿಳಿಯನ್ನೂ ತಿಳಿಯದೆ ಒರೆಸಿದ್ದೆವೋ ಏನೋ. ನಾನು ಅವನನ್ನು ಒರೆಸಿ, ಹೊಗೆ ನೋಡುತ್ತ ಮಜ್ಜಿಗೆ ಕುಡಿದಿದ್ದೆ.

ಈರಸಂಗಪ್ಪನಿಗೆ ಹೇಳಿದೆ. ಮೊದಲು ಬೈದ. "ನಿಮ್ಮಾಯಿಗೆ ಅರವು ಮರವು, ನಿನಗ ಬಿಸಲ ಹತ್ತೈತಿ, ನಡಿ ಮನಿಗೆ," ಎಂದ. ನಾನು ಬಟ್ಟೆ ಹಿಡಿದು ಅದರ ಮೇಲೆ ನೀರು ಹೊಯ್ದು ತೋರಿಸಿದೆ. ಹನಿಗಳು ಉರುಳಿಹೋದವು. ಅವನು ತಾನೇ ಇನ್ನೊಮ್ಮೆ ನೀರು ಹೊಯ್ದು ನೋಡಿದ. ಆಮೇಲೆ ಕುಣಿಯ ದಂಡೆಯ ಮೇಲೆ ಕುಕ್ಕರಿಸಿದ.

"ಇಪ್ಪತ್ತೆರಡು ವರ್ಷ ಆತು ನಾ ಸುಡಾಕತ್ತು," ಎಂದ. "ಎಲ್ಲಾನೂ ಬೂದಿನೇ ಇದ್ವೇನ ಮಲಕವ್ವ?"

ನನ್ನನ್ನು ಅವನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದ್ದರೆ ಹೇಳಿ.

ಆಯಿಯನ್ನು ಕೈ ಹಿಡಿದು ಹೊಲಕ್ಕೆ ಕರೆತಂದೆ. ಗಿಡ ನಿಂತಿದ್ದ ತಗ್ಗಿನ ಹತ್ತಿರ ಅವಳು ಎರಡೇ ಪ್ರಶ್ನೆ ಕೇಳಿದಳು. "ಹೂವು ಬಿಟ್ಟಿತ್ತೇನು?" ಬಿಟ್ಟಿತ್ತು, ಹಳದಿ ಪುಡಿ ನನ್ನ ತೋಳಿಗೆ ಹತ್ತಿತ್ತು. "ಗಾಳಿ ಯಾ ಕಡೆ ಇತ್ತು?" ಪಕ್ಕದ ಬಟ್ಟೆ ಎತ್ತಿ ಕಟ್ಟಿದ್ದೆವು, ಗಾಳಿ ಮೂಡಣದಿಂದ ಬರುತ್ತಿತ್ತು. ಹಾಗಾದರೆ ಪಡುವಣ ಬದಿಯ ಐದನೇ, ಆರನೇ ಸಾಲಿನ ಯಾವುದೋ ತೆನೆಗೆ ಆ ಗಿಡದ ಪರಾಗ ಬಿದ್ದಿರಬಹುದು. ಯಾವುದೋ ಕಾಳಿನೊಳಗೆ ಕೈ ಬಿಡಿಸಿಕೊಂಡ ಹಗ್ಗಗಾರ ಇರಬಹುದು. ಇರದೆಯೂ ಇರಬಹುದು. ಅಷ್ಟೇ ನಮ್ಮ ಆಸ್ತಿ.

ನಮ್ಮಲ್ಲಿ ಬೀಜ ಇಟ್ಟುಕೊಳ್ಳುವ ಹಾಗಿಲ್ಲ. ಸುಗ್ಗಿಯ ಕಾಳೆಲ್ಲ ಮೇಲಿನವರ ಉಗ್ರಾಣಕ್ಕೆ, ಬಿತ್ತುವ ಬೀಜ ಬೀಜಶಾಲೆಯಿಂದ. ಮುಚ್ಚಿಟ್ಟವರು ಸಿಕ್ಕಿಬಿದ್ದರೆ ಚಪ್ಪರದ ಹೊರಗೆ. ಹೊರಗೆ ಎಂದರೆ ಬಿಸಿಲಿಗೆ. ಮೇ ತಿಂಗಳ ಬಿಸಿಲಿಗೆ ಹೊರಗೆ ಹಾಕಿದ ಎರಡು ಮನೆತನಗಳು ನನಗೆ ಗೊತ್ತು. ಅವರ ವಿಷಯ ಬರೆಯುವುದಿಲ್ಲ.

ಸುಗ್ಗಿಯ ಹೊತ್ತಿಗೆ ಈರಸಂಗಪ್ಪ ಆ ಎರಡು ಸಾಲನ್ನು ಗುಬ್ಬಿಗಳು ತಿಂದವು ಎಂದು ಮೇಲಿನವರಿಗೆ ತಿಳಿಸಿದ. ಇಪ್ಪತ್ತೆರಡು ವರ್ಷ ಒಂದೂ ಸುಳ್ಳು ಹೇಳದ ಮನುಷ್ಯ, ಹೇಳುವಾಗ ಬೆವರುತ್ತಿದ್ದ. ಅಷ್ಟು ಬಟ್ಟೆ ಕಟ್ಟಿದಲ್ಲಿ ಗುಬ್ಬಿ ಹೇಗೆ ಬಂತು ಎಂದು ನೋಡಲು ಬಂದ ಅವರ ಕಡೆಯವರು ಕೇಳಿದರು. "ಗುಬ್ಬಿಗೆ ಕೇಳ್ರಿ," ಎಂದು ಮಾಬೂಬಿ ನಡುವೆ ಬಾಯಿ ಹಾಕಿದಳು. ನಾನು ಅವಳ ಕಾಲು ತುಳಿದೆ. ಬಂದವರು ನಕ್ಕು ಹೋದರು, ಸದ್ಯ. ಆ ಎರಡು ಸಾಲಿನ ಕಾಳು ಈಗ ನಮ್ಮ ಹಳೇ ಹಗೇವಿನಲ್ಲಿದೆ. ನೆಲದೊಳಗೆ ತೋಡಿದ ಕಾಳಿನ ಗುಂಡಿ ಅದು, ನಿಮ್ಮವರೇ ತೋಡಿದ್ದು, ನೀವು ಮಾಡಿದ ಒಂದು ಒಳ್ಳೆಯ ಕೆಲಸ. ಹಿಂಗಾರಿಗೆ ಬೀಜಶಾಲೆಯ ಬೀಜದ ನಡುವೆ ಇದನ್ನು ಸೇರಿಸಿ ಬಿತ್ತುತ್ತೇವೆ. ಗಿಡ ತೊಡೆ ಎತ್ತರ ಬರುವ ತನಕ ಏನೂ ತಿಳಿಯುವುದಿಲ್ಲ. ಆಮೇಲೆ ಆಯಿಯನ್ನು ಪ್ರತಿ ಗಿಡದ ಹತ್ತಿರ ಕರೆದೊಯ್ಯಬೇಕು, ಅವಳು ಮುಟ್ಟಿ ಹೇಳಬೇಕು. ಅವಳಿಗೆ ಎಂಬತ್ತೊಂದು. ಅಲ್ಲಿಯ ತನಕ ಅವಳು ಇರಬೇಕು. ನನಗೂ ಕಲಿಸು ಎಂದು ದಿನಾ ಕಾಡುತ್ತಿದ್ದೇನೆ. ಎಕ್ಕಿ ಎಲೆಯನ್ನೂ ಬೂಸ್ಟು ಹಿಡಿದ ರೊಟ್ಟಿಯನ್ನೂ ಕೊಟ್ಟು, ಕಣ್ಣು ಮುಚ್ಚು ಎನ್ನುತ್ತಾಳೆ. ನಾನು ಇನ್ನೂ ನಾಲ್ಕಕ್ಕೆ ಒಂದು ತಪ್ಪುತ್ತೇನೆ. ಸಾಲಿನ ಉಳಿದ ಹುಡುಗಿಯರಿಗೂ ಹೇಳಿದ್ದೇನೆ, ಎಲ್ಲರ ಮುಂದೆ, ಒರೆಸಿದವಳು ನಾನೇ ಎಂದು. ಮುಂದೆ ಬಿಳಿ ಕಂಡರೆ ಕೂಗಬೇಡಿ, ಮೊದಲು ಒಂದು ಹನಿ ನೀರು ಹಾಕಿ ನೋಡಿ ಎಂದು. ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರಿಗೆ ಭಯ. ನನಗೂ ಭಯವೇ.

ನಿಮ್ಮ ಮೇಲೆ ನನಗೆ ಸಿಟ್ಟು ಯಾಕೆಂದು ಈಗಲಾದರೂ ತಿಳಿಯಿತೇ? ನೀವು ತಪ್ಪು ಮಾಡಿದಿರಿ ಎಂದು ಮಾತ್ರ ಅಲ್ಲ. ತಪ್ಪು ನಾನೂ ಮಾಡಿದ್ದೇನೆ, ನನ್ನ ಬೆರಳಿನ ಸುಟ್ಟ ಕಲೆ ಇನ್ನೂ ಮಾಸಿಲ್ಲ. ಆದರೆ ನನಗೆ ಅದು ಏನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಕಣ್ಣ ಮುಂದೆ ಹೊಲಗಟ್ಟಲೆ ನಿಂತಿತ್ತು. ನಿಮಗೆ ಶಾಲೆ ಇತ್ತು, ಪುಸ್ತಕ ಇತ್ತು, ಹೊಲಕ್ಕೆ ಹೋಗಿ ಬರಲು ಬಯಲಲ್ಲಿ ತಾಳಿಕೊಳ್ಳಬಹುದಾದಷ್ಟೇ ಬಿಸಿಲಿತ್ತು. ಆದರೂ ಆ ಪುಡಿಗೆ ನೀವು ಒಂದು ಒಳ್ಳೆಯ ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ಹೆಸರಿಲ್ಲದ್ದು ಹೋದಾಗ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ.

ಒಂದು ದಿನ ಯಾವುದೋ ಕೋಣೆಯಲ್ಲಿ ಒಂದು ಸಭೆ ನಡೆಯುತ್ತದೆ. ಫ್ಯಾನು ತಿರುಗುತ್ತಿರುತ್ತದೆ, ಚಹಾ ಬಂದಿರುತ್ತದೆ. ಒಬ್ಬ ಒಳ್ಳೆಯ ಮನುಷ್ಯ, ಹೌದು, ಒಳ್ಳೆಯವನೇ, ಒಂದು ದಂಟನ್ನು ಮೇಜಿನ ಮೇಲೆ ಇಟ್ಟು, ಈ ಬಿಳಿಯಿಂದ ಏನು ಉಪಯೋಗ, ತೆಗೆದರೆ ಆಗದೇ ಎಂದು ಕೇಳುತ್ತಾನೆ. ಎಲ್ಲರೂ ಸುಮ್ಮನಿರುತ್ತಾರೆ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಆ ಕೋಣೆಯಲ್ಲಿ ನೀವು ಇರುತ್ತೀರೋ, ನಿಮ್ಮ ಮಗಳು ಇರುತ್ತಾಳೋ, ನೀವು ಕಲಿಸಿದ ವಿದ್ಯಾರ್ಥಿ ಇರುತ್ತಾನೋ ನನಗೆ ಗೊತ್ತಿಲ್ಲ. ಯಾರಾದರೂ ಒಬ್ಬರು ಎದ್ದು ನಿಲ್ಲಿ. ಅದು ಗಿಡದ ಮೈಮೇಲಿನ ಅರಿವೆ, ಬಿಚ್ಚಬೇಡಿ ಎನ್ನಿ. ನಿಮ್ಮ ದನಿ ನಡುಗಿದರೂ ಪರವಾಗಿಲ್ಲ.

ಅದಕ್ಕಿಂತ ಮೊದಲು ಇಷ್ಟು ಮಾಡಿ. ಈ ಹಿಂಗಾರಿಯಲ್ಲಿ, ಜೋಳ ತೊಡೆ ಎತ್ತರ ಬಂದಾಗ, ಒಂದು ಮುಂಜಾನೆ ಸಾಲಿನ ನಡುವೆ ನಡೆದು ಹೋಗಿ. ಹೊರಗೆ ಬಂದ ಮೇಲೆ ನಿಮ್ಮ ಬಟ್ಟೆ ನೋಡಿಕೊಳ್ಳಿ. ತೊಡೆಯ ಹತ್ತಿರ, ಮಂಡಿಯ ಹತ್ತಿರ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ನಾವು ಎರಡು ಸಾಲಿನ ಕಾಳಿನಲ್ಲಿ ಜೀವ ಒತ್ತೆ ಇಟ್ಟು ಹುಡುಕುತ್ತಿರುವುದು ಅದನ್ನೇ.

ನೀವು ಅದನ್ನು ಕೈಯಿಂದ ಕೊಡವಿಕೊಂಡು ಮನೆಗೆ ಹೋಗುತ್ತೀರಿ.

ಮಲಕವ್ವ